ಉಪ್ಪಿನಕಾಯಿ ಬಾಟಲಿಯಲ್ಲಿ ಎಣಿಸಿದ ನುಸಿ

ಶ್ರಾವಣದ ಒಂದು ಬೆಳಿಗ್ಗೆ ಮಳೆ ಹೊಳವಾಗಿತ್ತು. ಪೂಜೆಗೆ ಹೂ ಕೊಯ್ಯಲು ಅಂಗಳಕ್ಕೆ ಇಳಿದವಳಿಗೆ ಮೂರನೆಯ ಜೇನುಪೆಟ್ಟಿಗೆಯ ಮುಂದೆ ಹತ್ತು ಹನ್ನೆರಡು ನೊಣಗಳು ಹುಲ್ಲಿನ ಮೇಲೆ ತೆವಳುತ್ತಿರುವುದು ಕಂಡಿತು. ಹಾರಲು ನೋಡುತ್ತವೆ, ಆಗುವುದಿಲ್ಲ. ಹುಲ್ಲಿನ ಎಸಳು ಹತ್ತುತ್ತವೆ, ತುದಿಗೆ ಹೋಗಿ ಬೀಳುತ್ತವೆ. ಒಂದನ್ನು ದಾಸವಾಳದ ಎಲೆಯ ಮೇಲೆ ಹತ್ತಿಸಿಕೊಂಡು ನೋಡಿದೆ. ರೆಕ್ಕೆ ಇರಬೇಕಾದ ಜಾಗದಲ್ಲಿ ಸುಕ್ಕುಗಟ್ಟಿದ ಎಳೆಗಳಿದ್ದವು. ಹೊಟ್ಟೆ ಗಿಡ್ಡ. ಮೈಮೇಲೆ ಮಾತ್ರ ಇನ್ನೂ ಬೂದು ಬಣ್ಣದ ಎಳೆಗೂದಲು. ಅಂದರೆ ಅದು ಹುಟ್ಟಿದ ಮೇಣದ ಕೋಣೆಯಿಂದ ಹೊರಬಂದು ಹೆಚ್ಚು ಹೊತ್ತಾಗಿರಲಿಲ್ಲ.

ಮಳೆಗಾಲದ ಥಂಡಿಗೆ ಹೀಗಾಗಿದೆ ಎಂದುಕೊಂಡು ಒಳಗೆ ಹೋದೆ. ಆ ಒಂದು ಅಂದಾಜಿಗೆ ಎರಡು ಜೇನು ಕುಟುಂಬಗಳನ್ನು ತೆತ್ತೆ.

ನಮ್ಮದು ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಇರುವ ಊರು. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ. ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು, ನನಗೆ ತವರಿನಿಂದ ಬಂದ ವಿದ್ಯೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ರಾಜ್ಯದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದಾಗ ನಾನು ಚಿಕ್ಕವಳು. ಅಪ್ಪಯ್ಯ ಖಾಲಿ ಪೆಟ್ಟಿಗೆಗಳನ್ನು ಜಗಲಿಯ ಮೂಲೆಯಲ್ಲಿ ಪೇರಿಸಿಟ್ಟು, ಮೇಲೊಂದು ಗೋಣಿ ಹೊದಿಸಿ, ವರ್ಷಗಟ್ಟಲೆ ಆ ಕಡೆ ನೋಡದೆ ಓಡಾಡುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಹಾಗಾಗಿ ಜೇನಿನ ರೋಗವೆಂದರೆ ಮರಿಗಳು ನೀರು ತುಂಬಿದ ಚೀಲದಂತಾಗಿ ಸಾಯುವುದು ಎಂದಷ್ಟೇ ನನ್ನ ತಲೆಯಲ್ಲಿತ್ತು. ನುಸಿ ಎಂದರೆ ತೆಂಗಿನಕಾಯಿಗೆ ಬರುವ ನುಸಿ. ಜೇನಿಗೂ ನುಸಿ ಉಂಟು ಎಂಬ ಮಾತು ತವರಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಎನ್ನುವುದೇ ಈ ಇಡೀ ಕಥೆಯ ಗುಟ್ಟು, ಮುಂದೆ ಹೇಳುತ್ತೇನೆ.

ಮದುವೆಯಾಗಿ ಬಂದಮೇಲೆ ಇಲ್ಲಿ ಆರು ತುಡುವೆ ಪೆಟ್ಟಿಗೆ ಮಾಡಿಕೊಂಡಿದ್ದೆ. ಒಂದು ಕಾರ್ತಿಕದಲ್ಲಿ ಆಸೆ ಹುಟ್ಟಿತು. ಬಯಲುಸೀಮೆಯ ಸೂರ್ಯಕಾಂತಿ ಹೊಲಗಳಿಗೆ ಪೆಟ್ಟಿಗೆ ಸಾಗಿಸುವವರೊಬ್ಬರಿಂದ ನಾಲ್ಕು ಮೆಲ್ಲಿಫೆರಾ (ಯುರೋಪಿನ ಜೇನುನೊಣ) ಕುಟುಂಬಗಳನ್ನು ತಂದೆ. ಅವರು ನುಸಿಯ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ದೊಡ್ಡ ಪೆಟ್ಟಿಗೆ, ಹತ್ತು ಚೌಕಟ್ಟು, ತುಂಬಿ ತುಳುಕುವ ನೊಣ. ಬೇಸಗೆ ಮುಗಿಯುವಷ್ಟರಲ್ಲಿ ನಾಲ್ಕೂ ಪೆಟ್ಟಿಗೆಯಿಂದ ಒಟ್ಟು ಅರವತ್ತು ಕಿಲೋಕ್ಕೂ ಮಿಕ್ಕಿ ಜೇನುತುಪ್ಪ ತೆಗೆದೆ. ತುಡುವೆಯ ಪೆಟ್ಟಿಗೆಯಲ್ಲಿ ನಾನು ಎಂದೂ ಕಾಣದ ಲೆಕ್ಕ ಅದು. ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಅದರ ಮುಂದಿನ ಶ್ರಾವಣದ ಮಾತು ಮೇಲೆ ಹೇಳಿದ್ದು.

ತೆವಳುವ ನೊಣಗಳ ಸಂಖ್ಯೆ ದಿನದಿಂದ ದಿನಕ್ಕೆ ಹೆಚ್ಚಿತು. ಪುಸ್ತಕ ತಿರುವಿ, ತಿಳಿದವರನ್ನು ಕೇಳಿದಾಗ ವರೋವಾ ಎಂಬ ಜೇನುನುಸಿಯ ಹೆಸರು ಸಿಕ್ಕಿತು. ಸರಿ ಎಂದು ಮಳೆ ಬಿಟ್ಟಾಗಲೆಲ್ಲ ಚೌಕಟ್ಟು ಎತ್ತಿ, ಮಾವನವರ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ನೊಣಗಳ ಬೆನ್ನು ನೋಡಿದೆ. ಮೂರು ವಾರ ನೋಡಿದೆ. ಒಟ್ಟಿಗೆ ಕಂಡದ್ದು ಎರಡು ನುಸಿ. ಎರಡೇ ಎರಡಲ್ಲವೇ ಎಂದು ನೆಮ್ಮದಿಯಿಂದ ಇದ್ದೆ.

ಹೊಸಬರು ಎಲ್ಲರೂ ಬೀಳುವ ಹಳ್ಳ ಇದೇ. ನುಸಿ ಬೆನ್ನ ಮೇಲೆ ಮೆರವಣಿಗೆ ಹೊರಡುವ ಪ್ರಾಣಿಯಲ್ಲ. ಅದು ಹುರುಳಿಕಾಳನ್ನು ಕುಗ್ಗಿಸಿ ಚಪ್ಪಟೆ ಮಾಡಿದಂತಿದೆ. ಅದೇ ಕಂದು, ಅದೇ ಹೊಳಪು. ಅಗಲ ಒಂದೂವರೆ ಮಿಲಿಮೀಟರಿನಷ್ಟು, ಉದ್ದ ಅದಕ್ಕಿಂತಲೂ ಕಡಿಮೆ. ನೊಣದ ಹೊಟ್ಟೆಯ ಕೆಳಗೆ ಹಲಗೆ ಜೋಡಿಸಿದಂತೆ ಪದರಗಳಿವೆಯಲ್ಲ, ಆ ಪದರದ ಸಂದಿಯಲ್ಲಿ ನುಸುಳಿ ಕೂರುತ್ತದೆ. ಮೇಲಿನಿಂದ ಭೂತಗನ್ನಡಿ ಹಿಡಿದರೆ ಏನು ಕಂಡೀತು? ಅದೂ ಹೊರಗೆ ಓಡಾಡುವ ನುಸಿಯ ಮಾತಾಯಿತು. ಪೆಟ್ಟಿಗೆಯಲ್ಲಿ ಮರಿ ತುಂಬಿರುವ ಕಾಲದಲ್ಲಿ ನುಸಿಯ ಹೆಚ್ಚಿನ ಪಾಲು ಮೇಣದ ಮುಚ್ಚಳ ಹಾಕಿದ ಮರಿಕೋಣೆಗಳ ಒಳಗೇ ಇರುತ್ತದೆ.

ಕೆಳಗಿನ ಮನೆಯ ಭಾವ ನುಸಿಯನ್ನು ನೋಡಿ, "ಇದು ನಮ್ಮ ಬೆಟ್ಟದ ಉಣುಗಲ್ಲವೇ? ಮಂಗನ ಕಾಯಿಲೆ ತರುವುದು?" ಎಂದರು. ಅದೇ ಅಲ್ಲ, ಆದರೆ ದಾಯಾದಿ. ಇದಕ್ಕೂ ಎಂಟು ಕಾಲು. ಇನ್ನೊಂದು ಹೋಲಿಕೆಯೂ ಇದೆ: ಉಣುಗಿನಿಂದ ಮಂಗನ ಕಾಯಿಲೆಯ ವೈರಸ್ ಮನುಷ್ಯರಿಗೆ ಬರುವಂತೆ, ಈ ನುಸಿ ಚುಚ್ಚಿದಲ್ಲಿ ರೆಕ್ಕೆ ಸೊಟ್ಟಗಾಗಿಸುವ ವೈರಸ್ ನೊಣದ ಮೈಗೆ ಇಳಿಯುತ್ತದೆ. ನಾನು ಅಂಗಳದಲ್ಲಿ ಕಂಡ ರೆಕ್ಕೆಯಿಲ್ಲದ ನೊಣಗಳು ಆ ವೈರಸ್‌ನವು. ನುಸಿ ನೊಣದ ರಕ್ತ ಕುಡಿಯುತ್ತದೆ ಎಂದು ಬಹಳ ಕಾಲ ನಂಬಿದ್ದರು. ಅದು ಮುಖ್ಯವಾಗಿ ತಿನ್ನುವುದು ನೊಣದ ಕೊಬ್ಬಿನ ಅಂಗಾಂಶವನ್ನು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕೊಬ್ಬು ಹೋದ ನೊಣ ಹೆಚ್ಚು ದಿನ ಬದುಕುವುದಿಲ್ಲ, ಮರಿಗೆ ಸರಿಯಾಗಿ ಉಣಿಸುವುದೂ ಇಲ್ಲ.

ಕಣ್ಣನ್ನು ನಂಬುವುದು ಬಿಟ್ಟು ಎಣಿಸಲು ಕಲಿತದ್ದು ಅತ್ತೆಯವರ ಬಾಟಲಿಯಿಂದ. ಅಪ್ಪೆಮಿಡಿ ಉಪ್ಪಿನಕಾಯಿ ಖಾಲಿಯಾದ ಅಗಲಬಾಯಿಯ ಗಾಜಿನ ಬಾಟಲಿ. ತೊಳೆದು ಮೂರು ದಿನ ಬಿಸಿಲಿಗಿಟ್ಟರೂ ಮಾವಿನ ಸೊನೆಯ ವಾಸನೆ ಹೋಗದೆ, ಕೊನೆಗೆ ಹುಣಸೆ ಹಾಕಿ ತಿಕ್ಕಬೇಕಾಯಿತು. ಮುಚ್ಚಳದ ನಡುವನ್ನು ಕತ್ತರಿಸಿ ಅಲ್ಲಿ ಇಂಚಿಗೆ ಎಂಟು ಕಣ್ಣಿನ ತಂತಿ ಜಾಲರಿ ಕೂರಿಸಿದೆ. ನುಸಿ ಇಳಿಯಬೇಕು, ನೊಣ ಇಳಿಯಬಾರದು. ಆ ಅಳತೆ ಅದಕ್ಕೆ.

ಮಾಡುವ ಕ್ರಮ ಹೀಗೆ. ಮರಿ ಇರುವ ಎರಿಯ (ಮೇಣದ ಕೋಣೆಗಳ ಹಲ್ಲೆಯ) ಚೌಕಟ್ಟು ಎತ್ತಿ, ರಾಣಿ ಅದರಲ್ಲಿಲ್ಲ ಎಂದು ಎರಡು ಸಲ ನೋಡಿ (ಎರಡು ಸಲ ಎಂದರೆ ಎರಡು ಸಲವೇ), ನೊಣಗಳನ್ನು ಒಂದು ಪ್ಲಾಸ್ಟಿಕ್ ತೊಟ್ಟಿಗೆ ಕೊಡವಬೇಕು. ಹಾರುವ ಹಳೆಯ ನೊಣಗಳು ಎದ್ದು ಹೋಗುತ್ತವೆ. ಉಳಿಯುವವು ಮರಿಗೆ ಉಣಿಸುವ ಎಳೆಯ ನೊಣಗಳು, ನುಸಿಗೆ ಇಷ್ಟ ಅವೇ. ತೊಟ್ಟಿಯನ್ನು ಒಂದು ಮೂಲೆಗೆ ಕುಟ್ಟಿ ಅರ್ಧ ಬಟ್ಟಲು, ಅಂದರೆ ಸುಮಾರು 120 ಮಿಲಿಲೀಟರ್ ಅಳತೆಗೆ ಮೊಗೆದರೆ ಮುನ್ನೂರರ ಆಸುಪಾಸು ಮೆಲ್ಲಿಫೆರಾ ನೊಣ ಸಿಗುತ್ತವೆ. ಅವನ್ನು ಬಾಟಲಿಗೆ ಸುರಿದು, ಜಾಲರಿಯ ಮೇಲಿನಿಂದ ಎರಡು ದೊಡ್ಡ ಚಮಚ ಸಕ್ಕರೆ ಪುಡಿ ಹಾಕಿ, ಬಾಟಲಿಯನ್ನು ಮಲಗಿಸಿ ಮೆಲ್ಲಗೆ ಉರುಳಿಸಬೇಕು. ನೊಣಗಳು ಹಿಟ್ಟಿನಲ್ಲಿ ಹೊರಳಿಸಿದ ಚಕ್ಕುಲಿ ತುಂಡಿನಂತೆ ಬಿಳಿಯಾಗುತ್ತವೆ. ನೆರಳಿನಲ್ಲಿ ಎರಡು ನಿಮಿಷ ಬಿಡಬೇಕು. ಸಿಟ್ಟಿನ ಶಾಖಕ್ಕೂ ಸಕ್ಕರೆಯ ನುಣುಪಿಗೂ ನುಸಿಯ ಹಿಡಿತ ತಪ್ಪುತ್ತದೆ. ಆಮೇಲೆ ಬಾಟಲಿ ಬೋರಲು ಹಾಕಿ, ನೀರಿರುವ ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಒಂದು ನಿಮಿಷ ಚೆನ್ನಾಗಿ ಅಲುಗಾಡಿಸಬೇಕು. ಸಕ್ಕರೆ ಕರಗುತ್ತದೆ. ಉಳಿದದ್ದು ಲೆಕ್ಕ.

ಮೂರನೆಯ ಪೆಟ್ಟಿಗೆಯ ತಟ್ಟೆಯಲ್ಲಿ ಇಪ್ಪತ್ತೇಳು ಕಂದು ಚುಕ್ಕೆಗಳು ಕಾಲಾಡಿಸುತ್ತಿದ್ದವು. ನೂರಕ್ಕೆ ಒಂಬತ್ತು. ನೂರಕ್ಕೆ ಮೂರು ದಾಟಿದರೆ ಕೈಕಟ್ಟಿ ಕೂರುವಂತಿಲ್ಲ ಎನ್ನುವುದು ಜೇನು ಸಾಕುವವರಲ್ಲಿ ಸಾಮಾನ್ಯ ಲೆಕ್ಕ. ಒಂದನೆಯದರಲ್ಲಿ ಮುನ್ನೂರಕ್ಕೆ ಮೂವತ್ತಮೂರು. ತೆವಳುವ ನೊಣ ಒಂದೂ ಕಾಣದ ಪೆಟ್ಟಿಗೆ ಅದು! ಎರಡನೆಯದರಲ್ಲಿ ಹನ್ನೆರಡು, ನಾಲ್ಕನೆಯದರಲ್ಲಿ ಎಂಟು. ತಟ್ಟೆ ನೋಡಿದ ಅತ್ತೆ, "ತಂಗಿ, ಇದನ್ನು ಸಾಸಿವೆ ಡಬ್ಬಿಯ ಹತ್ತಿರ ಇಡಬೇಡ ಮಾರಾಯ್ತಿ" ಎಂದರು.

ಸಕ್ಕರೆಯ ಬಗ್ಗೆ ಒಂದು ಮಾತು. ನಮ್ಮ ಆಷಾಢ ಶ್ರಾವಣದ ಗಾಳಿಯಲ್ಲಿ ಉಪ್ಪೇ ನೀರಾಗುತ್ತದೆ, ಸಕ್ಕರೆ ಪುಡಿ ಬಿಡುತ್ತದೆಯೇ? ಅದು ಮುದ್ದೆಗಟ್ಟಿದರೆ ನುಸಿ ಉದುರದೆ ನೊಣಕ್ಕೇ ಅಂಟಿಕೊಂಡು ಲೆಕ್ಕ ಸುಳ್ಳಾಗುತ್ತದೆ. ಬಿಸಿಲಿದ್ದಾಗಲೇ ಸಕ್ಕರೆ ಬೀಸಿ, ಬಿಗಿ ಡಬ್ಬಿಯಲ್ಲಿ ಹಾಕಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಮಳೆ ಜಡಿ ಹಿಡಿದರೆ ಅದೂ ಕೆಲಸಕ್ಕೆ ಬಾರದು. ಆಗ ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿದ ನೀರಿನಲ್ಲಿ ನೊಣಗಳನ್ನು ಕುಲುಕಿ ಸೋಸುತ್ತೇನೆ. ಲೆಕ್ಕ ಸಕ್ಕರೆಗಿಂತ ಖಚಿತ, ಆದರೆ ಮುನ್ನೂರು ನೊಣ ಸಾಯುತ್ತವೆ. ಮೊದಲ ಸಲ ಮಾಡಿದ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ಸಾವಿರಾರು ನೊಣಗಳ ಕುಟುಂಬಕ್ಕೆ ಮುನ್ನೂರು ಹೆಚ್ಚಲ್ಲ ಎಂದು ಈಗ ಮನಸ್ಸಿಗೆ ಹೇಳಿಕೊಳ್ಳುತ್ತೇನೆ; ಮನಸ್ಸು ಅರ್ಧ ಒಪ್ಪುತ್ತದೆ.

ಅದೇ ವಾರ ಕುತೂಹಲಕ್ಕೆ ನನ್ನ ತುಡುವೆ ಪೆಟ್ಟಿಗೆಗಳನ್ನೂ ಎಣಿಸಿದೆ. ಆರರಲ್ಲಿ ನಾಲ್ಕು ತಟ್ಟೆ ಖಾಲಿ, ಎರಡರಲ್ಲಿ ಒಂದೊಂದು. ಹತ್ತು ಮಾರು ದೂರದಲ್ಲಿ ಮೆಲ್ಲಿಫೆರಾ ಕುಟುಂಬ ಸಾಯುತ್ತಿದೆ, ಇವಕ್ಕೆ ಏನೂ ಆಗಿಲ್ಲ. ಹಾಗಾದರೆ ತುಡುವೆಗೆ ನುಸಿಯೇ ಬರುವುದಿಲ್ಲವೇ ಎಂದು ತುಡುವೆಯ ಗಂಡುಮರಿಯ ಕೋಣೆಗಳನ್ನು ಸೂಜಿಯಿಂದ ಬಿಡಿಸಿದೆ. ಗಂಡುಕೋಣೆಯ ಮುಚ್ಚಳ ಗುಮ್ಮಟದಂತೆ ಉಬ್ಬಿ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ತುಡುವೆಯ ಗುರುತೇ ಅದು. ಎಂಟನೆಯ ಕೋಣೆಯಲ್ಲಿ ಹಾಲುಬಿಳುಪಿನ ಮರಿಯ ಪಕ್ಕದಲ್ಲಿ ನುಸಿ ಕೂತಿತ್ತು.

ನುಸಿ ಮೂಲದಲ್ಲಿ ತುಡುವೆಯದ್ದೇ. 1904ರಲ್ಲಿ ಜಾವಾ ದ್ವೀಪದ ತುಡುವೆ ಜಾತಿಯ ನೊಣದ ಮೇಲೆ ಅದನ್ನು ಮೊದಲು ಗುರುತಿಸಿ ಹೆಸರಿಟ್ಟರು. ಯುರೋಪಿನ ನೊಣವನ್ನು ಏಷ್ಯಾಕ್ಕೆ ತಂದು ತುಡುವೆಯ ನೆರೆಯಲ್ಲಿ ಇಟ್ಟಾಗ ನುಸಿ ದಾಟಿತು. ಹಾಗೆ ದಾಟಿ ಜಗತ್ತಿಗೆಲ್ಲ ಹಬ್ಬಿದ್ದು ಬೇರೆಯೇ ಜಾತಿ ಎಂದು ತಿಳಿದು 2000ದಲ್ಲಿ ಅದಕ್ಕೆ ವರೋವಾ ಡಿಸ್ಟ್ರಕ್ಟರ್ ಎಂದು ಹೆಸರಿಟ್ಟರು. ಬಹುಕಾಲ ತಪ್ಪಿಸಿಕೊಂಡಿದ್ದ ಆಸ್ಟ್ರೇಲಿಯಾಕ್ಕೂ 2022ರಲ್ಲಿ ಹೊಕ್ಕಿತು. ತುಡುವೆ ಇದರ ಜೊತೆ ಎಷ್ಟೋ ಕಾಲದಿಂದ ಸಂಸಾರ ಮಾಡಿ ಪಟ್ಟುಗಳನ್ನು ಕಲಿತಿದೆ. ಒಂದರ ಮೈಯನ್ನು ಇನ್ನೊಂದು ಹೆಕ್ಕಿ ನುಸಿಯನ್ನು ಕಚ್ಚಿ ಎಸೆಯುತ್ತದೆ. ಕೆಲಸಗಾರ ಮರಿಯ ಕೋಣೆಗೆ ನುಸಿ ಹೊಕ್ಕರೆ ವಾಸನೆ ಹಿಡಿದು ಮರಿಯನ್ನೇ ಹೊರಗೆಳೆದು ಹಾಕುತ್ತದೆ. ಉಳಿದದ್ದು ಗಂಡುಕೋಣೆ ಮಾತ್ರ, ಅದು ವರ್ಷದಲ್ಲಿ ಕುಟುಂಬ ಒಡೆದು ಪಾಲಾಗುವ ಕೆಲವು ವಾರವಷ್ಟೇ ಇರುವಂಥದ್ದು. ಅಲ್ಲಿಯೂ ನುಸಿ ಹೆಚ್ಚಾಗಿ ಮರಿ ಸೊರಗಿದರೆ ಆ ಗಟ್ಟಿ ಮುಚ್ಚಳವನ್ನು ಒಳಗಿನಿಂದ ಕೊರೆಯುವ ಶಕ್ತಿ ಅದಕ್ಕಿರುವುದಿಲ್ಲ. ಗಂಡುಮರಿ, ನುಸಿ ಎರಡಕ್ಕೂ ಅದೇ ಗೋರಿ. ಮೆಲ್ಲಿಫೆರಾಕ್ಕೆ ಈ ವಿದ್ಯೆಯ ಅಭ್ಯಾಸ ಕಡಿಮೆ. ಅದರ ಕೆಲಸಗಾರ ಕೋಣೆಗಳಲ್ಲೂ ನುಸಿ ವಂಶ ಬೆಳೆಸುತ್ತದೆ, ಆ ಕೋಣೆಗಳಿಗೆ ವರ್ಷವಿಡೀ ಬರವಿಲ್ಲ. ಅಪ್ಪಯ್ಯನ ಬಾಯಲ್ಲಿ ನುಸಿಯ ಮಾತು ಬರದೇ ಇದ್ದದ್ದು ಇದಕ್ಕೆ. ನೀವು ತುಡುವೆ ಮಾತ್ರ ಸಾಕುವವರಾದರೆ ನುಸಿಗೆಂದು ಪೆಟ್ಟಿಗೆಗೆ ಯಾವ ಔಷಧವನ್ನೂ ಹಾಕಬೇಡಿ. ಅದಕ್ಕಿಂತ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡುವುದು, ಮೇಣದ ಹುಳು ಕೂರದಂತೆ ಹಳೆಯ ಎರಿ ತೆಗೆಯುವುದು ಮುಖ್ಯ.

ಆ ವರ್ಷ ಎಣಿಸಿಯಾದ ಮೇಲೂ ನಾನು ಮಾಡಿದ್ದು ಹುಚ್ಚಾಟವೇ. ಬೇವಿನೆಣ್ಣೆ ಬಟ್ಟೆಗೆ ಹಚ್ಚಿ ಇಟ್ಟೆ. ಹೊಗೆತಿದಿಯಲ್ಲಿ ಹೊಗೆಸೊಪ್ಪು ಸುಟ್ಟೆ. ನುಸಿ ಉದುರಿದವು, ಜೊತೆಗೆ ನೊಣಗಳೂ ಅಮಲೇರಿ ಅಡಿಮಣೆಯ ಮೇಲೆ ಉದುರಿದವು. ಒಂದನೆಯ ಪೆಟ್ಟಿಗೆ ನವರಾತ್ರಿಯ ಹೊತ್ತಿಗೆ ಖಾಲಿ. ಸತ್ತ ನೊಣವೂ ಹೆಚ್ಚಿಲ್ಲ. ಒಂದು ಮುಷ್ಟಿ ನೊಣ, ರಾಣಿ, ಅಲ್ಲಲ್ಲಿ ತೂತಾದ ಮರಿಕೋಣೆ. ಮೂರನೆಯದು ದೀಪಾವಳಿಗೆ ಹೋಯಿತು. ನಾನು ಖಾಲಿ ಪೆಟ್ಟಿಗೆಯ ತುಪ್ಪದ ಎರಿಗಳನ್ನು ಅಲ್ಲಿಯೇ ಬಿಟ್ಟೆ, ಉಳಿದ ಕುಟುಂಬಗಳು ತಿಂದುಕೊಳ್ಳಲಿ ಎಂದು. ಸಾಯುವ ಕುಟುಂಬದ ತುಪ್ಪ ದೋಚಲು ಬರುವ ನೊಣಗಳು ಅಲ್ಲಿ ಉಳಿದ ನುಸಿಯನ್ನೂ ಬೆನ್ನಿಗೆ ಹತ್ತಿಸಿಕೊಂಡು ಮನೆಗೆ ಮರಳುತ್ತವೆ ಎಂದು ಆಮೇಲೆ ತಿಳಿಯಿತು. ಹನ್ನೆರಡು ಇದ್ದ ಎರಡನೆಯ ಪೆಟ್ಟಿಗೆ ಒಂದು ತಿಂಗಳಲ್ಲಿ ಇಪ್ಪತ್ತೊಂದಕ್ಕೆ ಏರಿತು. ಈಗ ಯಾವ ಕುಟುಂಬವಾದರೂ ಕ್ಷೀಣವಾದರೆ ಅದೇ ಸಂಜೆ ಬಾಗಿಲನ್ನು ಒಂದೆರಡು ನೊಣ ಹೋಗುವಷ್ಟು ಕಿರಿದು ಮಾಡುತ್ತೇನೆ, ಸತ್ತರೆ ಪೆಟ್ಟಿಗೆ ಒಳಗೆ ತರುತ್ತೇನೆ.

ದಾರಿ ತಪ್ಪಿ ಪಕ್ಕದ ಪೆಟ್ಟಿಗೆಗೆ ಹೋಗುವ ನೊಣಗಳೂ ನುಸಿ ಹೊತ್ತೊಯ್ಯುತ್ತವೆ. ನನ್ನ ನಾಲ್ಕೂ ಪೆಟ್ಟಿಗೆ ಒಂದೇ ಬಣ್ಣ, ಒಂದೇ ಸಾಲು. ನನಗೇ ಗುರುತು ಸಿಗುತ್ತಿರಲಿಲ್ಲ. ಅತ್ತೆ ಒಂದು ಮಧ್ಯಾಹ್ನ ಕೆಮ್ಮಣ್ಣು ಬಳಿದು ಪ್ರತಿ ಪೆಟ್ಟಿಗೆಯ ಎದುರು ಶೇಡಿಯಲ್ಲಿ ಬೇರೆ ಬೇರೆ ಹಸೆ ಬರೆದುಕೊಟ್ಟರು. ನೊಣಗಳಿಗೆ ಕೆಂಪು ಕಪ್ಪಾಗಿಯೇ ಕಾಣುತ್ತದೆ, ಅದರ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ. ಸೂರಿನ ಕೆಳಗೆ ಇಟ್ಟರೆ ಒಂದು ಮಳೆಗಾಲ ತಡೆಯುತ್ತದೆ. ಪೆಟ್ಟಿಗೆಗಳನ್ನು ದೂರ ದೂರ ಇಟ್ಟು, ಬಾಗಿಲನ್ನು ಬೇರೆ ಬೇರೆ ದಿಕ್ಕಿಗೂ ತಿರುಗಿಸಿದ್ದೇನೆ.

ಔಷಧಕ್ಕೆ ಬರುತ್ತೇನೆ. ನಾನು ನಂಬಿರುವುದು ಎರಡು ಆಮ್ಲಗಳನ್ನು: ಫಾರ್ಮಿಕ್ ಮತ್ತು ಆಕ್ಸಾಲಿಕ್. ಬೆಟ್ಟದಲ್ಲಿ ಚಗಳಿ ಇರುವೆಯ ಗೂಡಿಗೆ ಕೈ ತಾಗಿದಾಗ ಮೂಗಿಗೆ ಬಡಿಯುವ ಹುಳಿ ವಾಸನೆ ಗೊತ್ತಲ್ಲ, ಅದೇ ಫಾರ್ಮಿಕ್ ಆಮ್ಲ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವುದೂ ಇದನ್ನೇ, ಹಾಗಾಗಿ ರಬ್ಬರ್ ಬೆಳೆಯುವ ಕಡೆ ಅಂಗಡಿಯಲ್ಲಿ ಸಿಗುತ್ತದೆ. ಇದರ ಹೆಚ್ಚುಗಾರಿಕೆ ಎಂದರೆ ಆವಿ ಮೇಣದ ಮುಚ್ಚಳವನ್ನೂ ದಾಟಿ ಮರಿಕೋಣೆಯೊಳಗಿನ ನುಸಿಯನ್ನು ಕೊಲ್ಲುತ್ತದೆ. 85 ಪ್ರತಿಶತದ ಆಮ್ಲವನ್ನು ದಿನಕ್ಕೆ 5 ಮಿಲಿಲೀಟರ್‌ನಂತೆ ಚಿಕ್ಕ ಗಾಜಿನ ಶೀಶೆಗೆ ಹಾಕಿ, ಹತ್ತಿಯ ಬತ್ತಿ ಇಳಿಬಿಟ್ಟು, ಅಡಿಮಣೆಯ ಮೂಲೆಯಲ್ಲಿ ನಿಲ್ಲಿಸಿ, ಹದಿನೈದು ದಿನ ನಡೆಸುತ್ತೇನೆ. ಬಾಗಿಲು ಪೂರ್ತಿ ತೆರೆದಿರಬೇಕು. ತುಪ್ಪದ ಕೋಣೆ ಪೆಟ್ಟಿಗೆಯ ಮೇಲೆ ಇರಲೇಬಾರದು.

ಇದನ್ನು ಮೊದಲ ಸಲ ಹಾಕಿದ್ದು ಚೈತ್ರದ ಮಧ್ಯಾಹ್ನ ಹನ್ನೆರಡಕ್ಕೆ. ಬಿಸಿಲಿಗೆ ಆಮ್ಲ ಒಮ್ಮೆಲೇ ಆವಿಯಾಗಿ ನೊಣಗಳೆಲ್ಲ ಹೊರಗೆ ಬಂದು ಪೆಟ್ಟಿಗೆಯ ಮುಖಕ್ಕೆ ಗಡ್ಡದಂತೆ ಜೋತವು. ನಾಲ್ಕನೆಯ ದಿನ ನೋಡಿದರೆ ಮೊಟ್ಟೆಯಿಲ್ಲ, ಎರಿಯ ನಡುವೆ ಅವಸರದಲ್ಲಿ ಕಟ್ಟಿದ ರಾಣಿಕೋಣೆಗಳು. ರಾಣಿ ಹೋಗಿದ್ದಳು. ಉಷ್ಣತೆ ಮೂವತ್ತು ಡಿಗ್ರಿ ದಾಟುವ ದಿನಗಳಲ್ಲಿ ಇದನ್ನು ಮುಟ್ಟಬಾರದು, ಮುಟ್ಟಿದರೂ ಸಂಜೆ ತಂಪಿನಲ್ಲಿ. ಅಂಕೋಲೆಯಲ್ಲಿ ಅಣ್ಣನ ಗೇರು ಬೇಣಕ್ಕೆ ಎರಡು ಪೆಟ್ಟಿಗೆ ಕೊಟ್ಟಿದ್ದೇನೆ. ಕರಾವಳಿಯ ಸೆಕೆಗೆ ಅಲ್ಲಿ ಬೇಸಗೆಯಲ್ಲಿ ಫಾರ್ಮಿಕ್ ಎಂಬ ಮಾತೇ ಇಲ್ಲ, ಮಳೆಗಾಲದ ತಂಪಿನಲ್ಲಿ ಮಾತ್ರ. ನಿಮ್ಮ ಮೈ ಬಗ್ಗೆಯೂ ಹೇಳಬೇಕು. ಈ ಆಮ್ಲ ಚರ್ಮ ಸುಡುತ್ತದೆ, ಆವಿ ಎದೆ ಹಿಡಿಯುತ್ತದೆ. ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚುಗನ್ನಡಕ, ಗಾಳಿಗೆ ಬೆನ್ನು, ಪಕ್ಕದಲ್ಲಿ ಒಂದು ಕೊಡ ನೀರು. ತೆಳು ಮಾಡುವುದಾದರೆ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಆಕ್ಸಾಲಿಕ್ ಆಮ್ಲ ಮುಚ್ಚಳ ದಾಟುವುದಿಲ್ಲ, ಹೊರಗಿರುವ ನುಸಿಯನ್ನಷ್ಟೇ ಕೊಲ್ಲುತ್ತದೆ. ಹಾಗಾಗಿ ಮುಚ್ಚಿದ ಮರಿಯೇ ಇಲ್ಲದ ಹೊತ್ತನ್ನು ನಾವೇ ಮಾಡಿಕೊಡಬೇಕು. ನನಗೆ ಈಗ ಅತಿ ಇಷ್ಟವಾದ ಉಪಾಯ ಇದೇ, ಯಾಕೆಂದರೆ ನಮ್ಮ ಮಳೆಗಾಲಕ್ಕೆ ಇದು ತಾನಾಗಿ ಹೊಂದುತ್ತದೆ. ಆಷಾಢದಲ್ಲಿ ಹೂವಿಲ್ಲ, ನೊಣ ಹೊರಗೆ ಹೋಗುವಂತಿಲ್ಲ, ರಾಣಿಯೂ ಮೊಟ್ಟೆ ಕಡಿಮೆ ಮಾಡಿರುತ್ತಾಳೆ. ಆಗ ರಾಣಿಯನ್ನು ಚಿಕ್ಕ ಪಂಜರದಲ್ಲಿ ಹಾಕಿ ಎರಿಗಳ ನಡುವೆ ತೂಗುಬಿಡುತ್ತೇನೆ. ಕೆಲಸಗಾರರು ಸಂದಿಯಿಂದ ಅವಳಿಗೆ ಉಣಿಸುತ್ತಾರೆ, ಅವಳ ವಾಸನೆ ಪೆಟ್ಟಿಗೆಯಲ್ಲಿ ಹರಡಿರುತ್ತದೆ, ಮೊಟ್ಟೆ ಮಾತ್ರ ಇಲ್ಲ. ಮೆಲ್ಲಿಫೆರಾದ ಕೆಲಸಗಾರ ನೊಣ ಮೊಟ್ಟೆಯಿಂದ ಹೊರಬರಲು 21 ದಿನ, ಗಂಡಿಗೆ 24. ಇಪ್ಪತ್ತನಾಲ್ಕು ದಿನ ಕಳೆದರೆ ಪೆಟ್ಟಿಗೆಯಲ್ಲಿ ಮುಚ್ಚಿದ ಕೋಣೆ ಒಂದೂ ಇಲ್ಲ, ನುಸಿಗೆ ಅಡಗಲು ಜಾಗವಿಲ್ಲ. ಸಕ್ಕರೆ, ನೀರು ಸಮ ಪ್ರಮಾಣದ ಪಾಕ ಒಂದು ಲೀಟರ್‌ಗೆ 35 ಗ್ರಾಂ ಆಕ್ಸಾಲಿಕ್ ಕರಗಿಸಿ, ಸಿರಿಂಜಿನಿಂದ ನೊಣ ತುಂಬಿದ ಪ್ರತಿ ಸಂದಿಗೆ 5 ಮಿಲಿಲೀಟರ್ ಹನಿಸುತ್ತೇನೆ; ಒಂದು ಪೆಟ್ಟಿಗೆಗೆ 50 ದಾಟಬಾರದು, ಒಮ್ಮೆ ಮಾತ್ರ. ಅದೇ ದಿನ ರಾಣಿಯ ಬಿಡುಗಡೆ.

ಮೊದಲ ವರ್ಷ ಪಂಜರದ ಬಾಗಿಲು ಸರಿಯಾಗಿ ಹಾಕದೆ ರಾಣಿ ಮೂರನೆಯ ದಿನವೇ ಹೊರಗೆ ಬಂದು ಮೊಟ್ಟೆಯಿಟ್ಟಿದ್ದು ನನಗೆ ತಿಳಿದದ್ದು ಇಪ್ಪತ್ತನಾಲ್ಕನೆಯ ದಿನ. ಪುನಃ ಎಣಿಕೆ ಒಂದರಿಂದ.

ಗಂಡುಮರಿಯ ಬಲೆ ಬೇಸಗೆಯ ಉಪಾಯ. ಒಂದು ಚೌಕಟ್ಟಿಗೆ ಅರ್ಧ ಮಾತ್ರ ಮೇಣದ ಹಾಳೆ ಕೂರಿಸಿ ಮರಿ ಇರುವ ಎರಿಗಳ ಅಂಚಿಗೆ ಇಟ್ಟರೆ ಉಳಿದರ್ಧದಲ್ಲಿ ನೊಣಗಳು ಗಂಡುಕೋಣೆ ಕಟ್ಟುತ್ತವೆ. ಮೆಲ್ಲಿಫೆರಾದಲ್ಲೂ ನುಸಿಗೆ ಗಂಡುಕೋಣೆಯೇ ಹೆಚ್ಚು ಪ್ರಿಯ: ಅಲ್ಲಿ ಮುಚ್ಚಿದ ದಿನಗಳು ಜಾಸ್ತಿ, ಹೆಚ್ಚು ಮಕ್ಕಳು ಬೆಳೆಯಲು ಸಮಯ ಸಿಗುತ್ತದೆ. ಮುಚ್ಚಳ ಬಿದ್ದ ಮೇಲೆ, ಗಂಡುಗಳು ಹೊರಬರುವ ಮೊದಲು ಆ ತುಂಡನ್ನು ಕೊಯ್ದು ತೆಗೆಯಬೇಕು. ಮರೆತರೆ ನುಸಿ ಸಾಕಿದಂತಾಗುತ್ತದೆ. ನಾನು ಜಾತ್ರೆಯ ಗಡಿಬಿಡಿಯಲ್ಲಿ ಒಮ್ಮೆ ಮರೆತಿದ್ದೇನೆ. ಕೊಯ್ದ ಎರಿಯನ್ನು ಭಾವನ ತೋಟದ ಕೆಲಸದವರ ಮನೆಗೆ ಕೊಡುತ್ತೇನೆ, ಅವರ ಕೋಳಿಗಳು ನನ್ನ ಹೆಜ್ಜೆ ಸಪ್ಪಳ ಗುರುತು ಹಿಡಿದಿವೆ.

ಇನ್ನೊಂದು ನುಸಿಯೂ ಇದೆ, ಟ್ರೊಪಿಲೀಲ್ಯಾಪ್ಸ್. ಇದು ಹೆಜ್ಜೇನಿನ ಪರಾವಲಂಬಿ. ನಮ್ಮ ಬೆಟ್ಟದ ದೊಡ್ಡ ಮರಗಳಿಗೆ ಹೆಜ್ಜೇನು ಬಂದು ಕಟ್ಟುವ ದಿನಗಳಲ್ಲಿ ನಾನು ಇದಕ್ಕಾಗಿ ನೋಡುತ್ತೇನೆ. ವರೋವಾಕ್ಕಿಂತ ಸಣ್ಣದು, ಅಗಲವಲ್ಲ ಉದ್ದ, ಎರಿಯ ಮೇಲೆ ಸರ್ರನೆ ಓಡುತ್ತದೆ. ಬಾಟಲಿಯ ಲೆಕ್ಕದಲ್ಲಿ ಇದು ಸರಿಯಾಗಿ ಸಿಗದು, ಏಕೆಂದರೆ ನೊಣದ ಮೈಮೇಲೆ ಹೆಚ್ಚು ಹೊತ್ತು ಇರುವುದೇ ಇಲ್ಲ. ದೊಡ್ಡ ನೊಣದ ಗಟ್ಟಿ ಚರ್ಮ ಚುಚ್ಚಿ ತಿನ್ನಲು ಆಗದು, ಮರಿಯೇ ಬೇಕು. ಮರಿಯ ಚೌಕಟ್ಟಿನಿಂದ ನೊಣ ಕೊಡವಿ, ಬಿಳಿ ತಟ್ಟೆಯ ಮೇಲೆ ಚೌಕಟ್ಟನ್ನು ಗಟ್ಟಿಯಾಗಿ ಕುಟ್ಟಿದರೆ ಉದುರಿ ಓಡಾಡುವುದು ಕಾಣುತ್ತದೆ. ಮರಿ ಇಲ್ಲದೆ ಕೆಲವೇ ದಿನದಲ್ಲಿ ಸಾಯುವುದರಿಂದ ರಾಣಿಯ ಪಂಜರ ಇದಕ್ಕೆ ಇನ್ನೂ ಚೆನ್ನಾಗಿ ನಾಟುತ್ತದೆ. ಚೌಕಟ್ಟಿನ ಮೇಲ್ಪಟ್ಟಿಗೆ ಗಂಧಕದ ಪುಡಿ ಉದುರಿಸುವುದೂ ಇದಕ್ಕೆ ಹೇಳುವ ಮದ್ದು. ಚಿಟಿಕೆಯಲ್ಲಿ ಇರಬೇಕು, ನಾನು ರಂಗೋಲಿ ಹಾಕಿದಂತೆ ಹಾಕಿ ಎಳೆಯ ಮರಿಗಳನ್ನು ಕಳೆದುಕೊಂಡೆ.

ನನ್ನ ವರ್ಷ ಈಗ ಹೀಗೆ ನಡೆಯುತ್ತದೆ. ಕಾರ್ತಿಕದಲ್ಲಿ ಒಂದು ಎಣಿಕೆ, ಪಾಲಾಗುವ ಮೊದಲು ಒಂದು. ಮೇ ಕೊನೆಗೆ ಕಡೆಯ ತುಪ್ಪ ತೆಗೆದ ಮಾರನೆಯ ದಿನವೇ ಇನ್ನೊಂದು, ಮುಖ್ಯವಾದದ್ದು ಇದು. ತೋಟದಲ್ಲಿ ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಯುವ ಗದ್ದಲದಲ್ಲಿ ಇದನ್ನು ಮುಂದೂಡಲು ಮನಸ್ಸು ಎಳೆಯುತ್ತದೆ, ಆದರೆ ಅಷ್ಟರಲ್ಲಿ ನೂರಕ್ಕೆ ಮೂರು ಇದ್ದದ್ದು ಶ್ರಾವಣಕ್ಕೆ ಒಂಬತ್ತಾಗುತ್ತದೆ: ರಾಣಿ ಮೊಟ್ಟೆ ಕಡಿಮೆ ಮಾಡಿ ನೊಣ ಇಳಿಯುತ್ತದೆ, ನುಸಿ ಇಳಿಯುವುದಿಲ್ಲ, ಇದ್ದ ಮರಿಗೇ ಮುತ್ತುತ್ತದೆ. ನನ್ನ ಮೊದಲ ವರ್ಷದ ಕುಟುಂಬಗಳು ಸತ್ತದ್ದು ಶ್ರಾವಣದಲ್ಲಲ್ಲ, ಅರವತ್ತು ಕಿಲೋ ತುಪ್ಪದ ಖುಷಿಯಲ್ಲಿ ನಾನು ಎಣಿಸದೇ ಬಿಟ್ಟ ಜ್ಯೇಷ್ಠದಲ್ಲಿ. ಔಷಧ ಹಾಕಿದ ಎರಡು ವಾರಕ್ಕೆ ಮತ್ತೆ ಎಣಿಸುತ್ತೇನೆ. ಹಾಕಿದ್ದು ಕೆಲಸ ಮಾಡಿತೋ ಇಲ್ಲವೋ ಎಂದು ಬೇರೆ ಯಾರು ಹೇಳಬೇಕು?

ಲೆಕ್ಕವನ್ನೆಲ್ಲ ಹಾಲಿನ ಡೈರಿಯ ಹಳೆಯ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಈಗ ಏಳು ಮೆಲ್ಲಿಫೆರಾ, ಆರು ತುಡುವೆ. ಈ ಜೂನ್ ಮೊದಲ ವಾರದ ಬರಹ: ಒಂದನೆಯ ಪೆಟ್ಟಿಗೆಗೆ ನಾಲ್ಕು ನುಸಿ, ಎರಡಕ್ಕೆ ಎರಡು, ನಾಲ್ಕಕ್ಕೆ ಹದಿಮೂರು, ಐದಕ್ಕೆ ಸೊನ್ನೆ (ನಂಬಿಕೆ ಬಾರದೆ ಮರುದಿನ ಪುನಃ ಮಾಡಿದೆ, ಒಂದು), ಆರಕ್ಕೆ ಏಳು, ಏಳಕ್ಕೆ ಐದು. ನಾಲ್ಕನೆಯದರ ರಾಣಿ ಪಂಜರದಲ್ಲಿದ್ದಾಳೆ, ಇವತ್ತಿಗೆ ಹದಿನೇಳು ದಿನ. ಮೂರನೆಯದರ ಎದುರಿಗೆ ಮಾತ್ರ ಜಾಗ ಖಾಲಿ ಇದೆ. ಬಾಟಲಿ ಹಿಡಿದು ಹೊರಟಾಗಲೇ ಮಳೆ ಹಿಡಿಯಿತು, ಇನ್ನೂ ಬಿಟ್ಟಿಲ್ಲ.